ಮೊದಲ ಪದರ ಒಣಗಲಿ

ತುಳುವರ ಮಳೆಗಾಲದ ತಿಂಗಳಾದ ಆಟಿ ಹುಟ್ಟಿ ಹನ್ನೊಂದು ದಿನಗಳಾದವು. ನಮ್ಮ ಮನೆಯ ಜಗಲಿಯಲ್ಲಿ ಕಟ್ಟಿದ ಹಗ್ಗದ ಮೇಲೆ ಎರಡು ಬೈರಾಸು, ಒಂದು ಬನಿಯನು ಮತ್ತು ನಾನು ಬರೆದ ಒಂದು ಜಲವರ್ಣ ಚಿತ್ರ ಅಕ್ಕಪಕ್ಕದಲ್ಲಿ ತೂಗಾಡುತ್ತಿವೆ. ಬನಿಯನು ಹೆಚ್ಚುಕಡಿಮೆ ಒಣಗಿತೆಂದು ನನ್ನ ಹೆಂಡತಿ ನಿನ್ನೆ ಸಂಜೆ ತೀರ್ಪು ಕೊಟ್ಟಳು. ಚಿತ್ರದ ವಿಷಯದಲ್ಲಿ ಆಕೆ ಯಾವ ಅಭಿಪ್ರಾಯವನ್ನೂ ಹೇಳಲಿಲ್ಲ. ಅದಕ್ಕೆ ಸಿಕ್ಕಿಸಿದ ಎರಡು ಕ್ಲಿಪ್ಪುಗಳು ತನಗೆ ಬೇಕೆಂದು ಮಾತ್ರ ಎರಡು ಸಲ ಹೇಳಿದಳು.

ಚಿತ್ರಕಲೆಗೆ ಹೊಸಬರಾದವರಿಗೆ ಸಿಗುವ ಉಪದೇಶಗಳಲ್ಲಿ ಮೊದಲನೆಯದು, ಮೊದಲ ಪದರ ಪೂರ್ತಿ ಒಣಗುವ ತನಕ ಎರಡನೆಯ ಪದರಕ್ಕೆ ಕೈ ಹಾಕಬಾರದು ಎಂಬುದು. ನನ್ನಲ್ಲಿರುವ ಪುಸ್ತಕ ಇದನ್ನು ಹೇಳುತ್ತದೆ, ಭಾನುವಾರದ ತರಗತಿಯ ಡ್ರಾಯಿಂಗ್ ಮಾಸ್ಟ್ರು ಹೇಳುತ್ತಾರೆ, ಮೊಬೈಲಿನಲ್ಲಿ ಬರುವ ಗಡ್ಡದ ತರುಣರೂ ಹೇಳುತ್ತಾರೆ. ಉಪದೇಶವೇನೋ ಸರಿಯಾದದ್ದೇ. ಅರೆ ಒದ್ದೆಯ ಬಣ್ಣದ ಮೇಲೆ ಒಂದು ಹನಿ ನೀರು ಬಿದ್ದರೂ ಸಾಕು, ಅದು ಅಲ್ಲಿದ್ದ ಬಣ್ಣವನ್ನು ಸುತ್ತಲೂ ತಳ್ಳಿಕೊಂಡು ಹೋಗಿ ಅಂಚಿನಲ್ಲಿ ಗುಡ್ಡೆ ಹಾಕುತ್ತದೆ. ಹಾಗೆ ಮೂಡುವ ಸುರುಟು ಸುರುಟಾದ ಕಲೆಯನ್ನು ಚಿತ್ರಕಾರರು ಹೂಕೋಸು ಎಂದೇ ಕರೆಯುತ್ತಾರೆ. ನನ್ನ ಆಕಾಶಗಳಲ್ಲಿ ಇದುವರೆಗೆ ಬೆಳೆದ ಹೂಕೋಸಿನಿಂದ ಒಂದು ಮದುವೆಯ ಅಡುಗೆಯನ್ನೇ ಮಾಡಬಹುದು. ಆದರೆ ಈ ಉಪದೇಶವನ್ನು ಮೊದಲು ಕೊಟ್ಟ ಪುಣ್ಯಾತ್ಮ ಯಾರೇ ಆಗಿರಲಿ, ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ, ಅದರಲ್ಲಿ ಬಹುಪಾಲನ್ನು ಜೂನ್‌ನಿಂದ ಸೆಪ್ಟೆಂಬರಿನ ಒಳಗೇ ಸುರಿಸಿಕೊಳ್ಳುವ ಮಂಗಳೂರಿನವನಂತೂ ಅಲ್ಲ. ಇಲ್ಲಿ ಆಟಿಯಲ್ಲಿ ಉಪ್ಪು ನೀರೊಡೆಯುತ್ತದೆ, ಹಪ್ಪಳ ಮೆತ್ತಗಾಗುತ್ತದೆ, ಕಪಾಟಿನಲ್ಲಿಟ್ಟ ಚರ್ಮದ ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ. ಚಿತ್ರವೊಂದೇ ಒಣಗಬೇಕೆಂದರೆ ಹೇಗೆ?

ಅಷ್ಟಕ್ಕೂ ಶತ್ರು ಇರುವುದು ಬಣ್ಣದೊಳಗೇ. ಜಲವರ್ಣವೆಂದರೆ ನುಣ್ಣಗೆ ಅರೆದ ಬಣ್ಣದ ಪುಡಿಗೆ ಅಂಟು ಸೇರಿಸಿದ್ದು. ಅದು ಗಟ್ಟಿಯಾಗಿ ಬಿರುಕು ಬಿಡದಿರಲೆಂದು ತಯಾರಕರು ಗ್ಲಿಸರಿನ್ನನ್ನೋ ಜೇನನ್ನೋ ಬೆರೆಸುತ್ತಾರೆ, ಮತ್ತು ಇವೆರಡೂ ಗಾಳಿಯಲ್ಲಿರುವ ತೇವವನ್ನು ತಮ್ಮತ್ತ ಎಳೆದುಕೊಳ್ಳುವ ಸ್ವಭಾವದವು. ಒಣಹವೆಯ ನಾಡಿನವರಿಗೆ ಉಪಕಾರವಾಗಲೆಂದು ಹಾಕಿದ ಜೇನು ನಮ್ಮಲ್ಲಿ ಮಾಡುವ ಕೆಲಸವೇ ಬೇರೆ: ಮೊನ್ನೆ ಪ್ಯಾಲೆಟ್ಟಿನ ಮುಚ್ಚಳ ತೆಗೆದಾಗ ಹಳದಿಯ ಮೇಲೆ ಬಿಳಿಯ ರೋಮ ಬೆಳೆದಿತ್ತು. ಕಾಗದದ ಕಥೆಯೂ ಹಾಗೆಯೇ. ಚದರ ಮೀಟರಿಗೆ 300 ಗ್ರಾಂ ತೂಗುವ ಒಳ್ಳೆಯ ಹತ್ತಿ ಕಾಗದಕ್ಕೆ ನೀರನ್ನು ತಟ್ಟನೆ ಕುಡಿಯದಂತೆ ಲೇಪ ಕೊಟ್ಟಿರುತ್ತಾರೆ. ಒಂದು ಮಳೆಗಾಲವನ್ನು ಕಪಾಟಿನಲ್ಲಿ ಕಳೆದ ಮೇಲೆ ಆ ಲೇಪ ಅಲ್ಲಲ್ಲಿ ಕೆಟ್ಟುಹೋಗಿ, ಅಂಥ ಕಡೆಗಳಲ್ಲಿ ಬಣ್ಣವು ಬ್ಲಾಟಿಂಗ್ ಪೇಪರಿನ ಮೇಲೆ ಶಾಯಿ ಬಿದ್ದಂತೆ ಇಂಗಿಬಿಡುತ್ತದೆ. ಆ ಕಾಗದದ ಬೆಲೆಯನ್ನು ನಾನು ಮನೆಯಲ್ಲಿ ಈವರೆಗೆ ನಿಜವಾಗಿ ಹೇಳಿಲ್ಲ.

ಚಿತ್ರ ಕಲಿಯತೊಡಗಿದ ಎರಡು ವರ್ಷಗಳಲ್ಲಿ ನನಗೆ ಒಂದು ಸಂಗತಿ ಹೊಳೆದಿದೆ. ಅದನ್ನು ಹೊಸಬರಿಗೆ ತಿಳಿಸಬೇಕೆಂದೇ ಇದನ್ನು ಬರೆಯಲು ಕುಳಿತಿದ್ದೇನೆ. ಅದಕ್ಕೆ ಮೊದಲು ನನ್ನ ಅರ್ಹತೆಯನ್ನು ಹೇಳಿಬಿಡುವುದು ಒಳ್ಳೆಯದು. ನಾನು ಬ್ಯಾಂಕಿನಲ್ಲಿ ಮೂವತ್ತನಾಲ್ಕು ವರ್ಷ ದುಡಿದು ನಿವೃತ್ತನಾದವನು, ಮತ್ತು ಆ ಕಾಲದಲ್ಲಿ ನಾನು ಎಳೆದ ಗೆರೆಗಳೆಲ್ಲ ಲೆಡ್ಜರಿನ ಮೊತ್ತದ ಕೆಳಗೆ ಸ್ಕೇಲ್ ಇಟ್ಟು ಎಳೆದವು. ಭಾನುವಾರದ ತರಗತಿಯಲ್ಲಿ ನನ್ನನ್ನು ಬಿಟ್ಟರೆ ಅತಿ ಹಿರಿಯ ವಿದ್ಯಾರ್ಥಿ ಎಂಟನೆಯ ತರಗತಿಯ ಹುಡುಗ. ಅವನು ಲೋವರ್ ಗ್ರೇಡ್ ಪರೀಕ್ಷೆಗೆ ತಯಾರಾಗುತ್ತಿದ್ದಾನೆ. ನನ್ನ ಪಕ್ಕದಲ್ಲಿ ಕುಳಿತುಕೊಳ್ಳುವ ಮೂರನೆಯ ತರಗತಿಯ ಹುಡುಗಿ ಮೊದಲ ವಾರವೇ ನನ್ನ ಬಾಳೆಹಣ್ಣನ್ನು ಬಗ್ಗಿ ನೋಡಿ, “ಬೇಸರ ಮಾಡ್ಬೇಡಿ ಅಜ್ಜ, ನಂದು ಕೂಡ ಮೊದಲು ಹೀಗೇ ಬರ್ತಿತ್ತು” ಎಂದಳು. ಇದುವರೆಗೆ ನನಗೆ ಸಿಕ್ಕಿದ ಪ್ರೋತ್ಸಾಹದಲ್ಲಿ ಪ್ರಾಮಾಣಿಕವಾದದ್ದು ಅದೊಂದೇ.

ದೊಡ್ಡವರ ಪ್ರೋತ್ಸಾಹ ಬೇರೆ ರೀತಿಯದು. ನಾನು ಚಿತ್ರ ಕಲಿಯುತ್ತಿದ್ದೇನೆಂದು ತಿಳಿದ ಕೂಡಲೇ ಉಡುಪಿ ಕಡೆಯ ನೆಂಟರೆಲ್ಲ ಕೆ. ಕೆ. ಹೆಬ್ಬಾರರ ಹೆಸರನ್ನು ತೆಗೆಯುತ್ತಾರೆ. “ನಮ್ಮ ಹೆಬ್ಬಾರರು ನೋಡಿ, ಪೆನ್ನು ಎತ್ತದೆ ಒಂದು ಗೆರೆ ಎಳೆದರೆ ಕುಣಿಯುವವಳು ಎದ್ದು ನಿಲ್ಲುತ್ತಾಳೆ” ಎಂದು ನನಗೆ ಹೇಳುವವರ ಧಾಟಿ ಹೇಗಿರುತ್ತದೆಂದರೆ, ಕೆಲಸ ಇರುವುದು ಒಂದೇ ಗೆರೆಯದ್ದು, ಅದನ್ನು ಮಾಡದೆ ನಾನು ಯಾಕೆ ಪೆನ್ಸಿಲು, ರಬ್ಬರು ಎಂದೆಲ್ಲ ಕಾಲ ಕಳೆಯುತ್ತಿದ್ದೇನೆ ಎಂಬಂತೆ. 1911ರಲ್ಲಿ ಕಟ್ಟಿಂಗೇರಿಯಲ್ಲಿ ಹುಟ್ಟಿದ ಆ ಮಹನೀಯರು ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲೇ ಕಲಿಸಿ, ಅದೂ ಸಾಲದೆಂದು ಪ್ಯಾರಿಸಿಗೆ ಹೋಗಿ ಪುನಃ ವಿದ್ಯಾರ್ಥಿಯಾಗಿ ಕುಳಿತವರು ಎಂಬುದನ್ನು ಯಾವ ನೆಂಟರೂ ಹೇಳುವುದಿಲ್ಲ.

ಒಣಗುವ ಮಾತು ಬಂದಾಗ ನನಗೆ ಹೊಟ್ಟೆಕಿಚ್ಚಾಗುವುದು ಇನ್ನೊಬ್ಬರ ಮೇಲೆ. ಬಾವುಟಗುಡ್ಡೆಯ ಸಂತ ಅಲೋಶಿಯಸ್ ಚಾಪೆಲಿನ ಒಳಗನ್ನು 1899ರಿಂದ ಸುಮಾರು ಎರಡು ವರ್ಷಗಳಲ್ಲಿ ಚಿತ್ರಗಳಿಂದ ತುಂಬಿಸಿದ ಇಟಲಿಯ ಆಂತೋನಿಯೊ ಮೋಸ್ಕೇನಿ ಅವರು ಛಾವಣಿಗೆ ಕ್ಯಾನ್ವಾಸಿನ ಮೇಲೆ ತೈಲವರ್ಣವನ್ನೂ ಗೋಡೆಗೆ ಫ್ರೆಸ್ಕೊ ವಿಧಾನವನ್ನೂ ಆರಿಸಿಕೊಂಡರು. ಫ್ರೆಸ್ಕೊದಲ್ಲಿ ಸುಣ್ಣದ ಗಾರೆ ಹಸಿಯಾಗಿರುವಾಗಲೇ ಬಣ್ಣ ಹಚ್ಚಿ ಮುಗಿಸಬೇಕು. ಸುಣ್ಣವು ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಹೀರಿ ಕಲ್ಲಾಗುವಾಗ ಬಣ್ಣದ ಕಣಗಳೂ ಅದರೊಳಗೆ ಸೆರೆಯಾಗುತ್ತವೆ. ಒಣಗೀತು ಎಂಬ ಚಿಂತೆ ಅವರದು, ಒಣಗಲಿಲ್ಲ ಎಂಬ ಚಿಂತೆ ನನ್ನದು. ಒಣಗದಿರಲಿ ಎಂದು ಹಾರೈಸುವ ಚಿತ್ರಕಾರನಿಗೆ ಈ ಊರಿಗಿಂತ ಒಳ್ಳೆಯ ಊರು ಇದ್ದೀತೇ? ಆ ಚಾಪೆಲಿನಲ್ಲಿ ಕತ್ತು ನೋಯುವಷ್ಟು ಹೊತ್ತು ಮೇಲೆ ನೋಡಿ ಹೊರಬಂದ ಹೊಸಬನಿಗೆ ಒಂದು ವಾರ ಕುಂಚ ಮುಟ್ಟುವ ಧೈರ್ಯ ಬರುವುದಿಲ್ಲವಾದ್ದರಿಂದ, ಅಲ್ಲಿಗೆ ಹೋಗದಿರುವುದೇ ಕ್ಷೇಮವೆಂದು ನನ್ನ ಅನಿಸಿಕೆ.

ಹಗ್ಗದ ಮೇಲಿರುವ ಚಿತ್ರದ ವಿಷಯಕ್ಕೆ ಬರುತ್ತೇನೆ. ಅದು ಬಿಜೈಯ ಒಳರಸ್ತೆಯೊಂದರಲ್ಲಿರುವ ಹಳೆಯ ಹಂಚಿನ ಮನೆಯದು. ಬಾಸೆಲ್ ಮಿಶನ್ನಿನವರು 1865ರಲ್ಲಿ ಇಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಊರಿಗೇ ಬಂದ ಕೆಂಪನ್ನು ಉಳಿಸಿಕೊಂಡಿರುವ ಕೆಲವೇ ಮನೆಗಳಲ್ಲಿ ಒಂದು. ಆ ಕೆಂಪಿಗೆ ನನ್ನ ಪೆಟ್ಟಿಗೆಯಲ್ಲಿ ಹೇಳಿ ಮಾಡಿಸಿದಂಥ ಬಣ್ಣವೂ ಇದೆ. ಇಟಲಿಯ ಸಿಯೆನಾ ಮಣ್ಣನ್ನು ಸುಟ್ಟರೆ ಅದರಲ್ಲಿರುವ ಕಬ್ಬಿಣದ ಅಂಶ ಕೆಂಪಾಗಿ ಬರ್ನ್ಟ್ ಸಿಯೆನಾ ಸಿಗುತ್ತದೆ. ನೇತ್ರಾವತಿ ದಡದ ಜೇಡಿಯನ್ನು ಗೂಡಿನಲ್ಲಿ ಸುಟ್ಟಾಗಲೂ ಆಗುವುದು ಅದೇ. ಬಣ್ಣದ ಮಟ್ಟಿಗೆ ನನ್ನಿಂದ ತಪ್ಪಾಗುವ ಸಂಭವವೇ ಇರಲಿಲ್ಲ. ಎಡವಟ್ಟಾದದ್ದು ಅಳತೆಯಲ್ಲಿ.

ವಸ್ತುವಿನ ಅಳತೆ ತೆಗೆಯಲು ಪೆನ್ಸಿಲನ್ನು ಹಿಡಿದ ಕೈಯನ್ನು ನೇರವಾಗಿ ಮುಂದಕ್ಕೆ ಚಾಚಿ, ಒಂದು ಕಣ್ಣು ಮುಚ್ಚಿ, ಹೆಬ್ಬೆರಳನ್ನು ಪೆನ್ಸಿಲಿನ ಮೇಲೆ ಜಾರಿಸುತ್ತ ನೋಡಬೇಕೆಂದು ಮಾಸ್ಟ್ರು ಕಲಿಸಿದ್ದರು. ಜೂನ್ ಕೊನೆಯಲ್ಲಿ ಮಳೆ ಹೊಳವಾದ ಒಂದು ಬೆಳಗ್ಗೆ ನಾನು ಆ ಮನೆಯ ಎದುರು ರಸ್ತೆಯ ಬದಿಯಲ್ಲಿ ನಿಂತು, ಯಾರ ಗೊಡವೆಗೂ ಹೋಗದೆ, ಮಾಡಿನ ಉದ್ದಕ್ಕೆ ಗೋಡೆಯ ಎತ್ತರ ಎಷ್ಟು ಪಾಲು ಎಂದು ಹೀಗೆ ಅಳೆಯುತ್ತಿದ್ದೆ. ಐದು ನಿಮಿಷ ಆಗುವುದರೊಳಗೆ ಗೇಟು ತೆರೆಯಿತು. ಮನೆಯೊಡತಿ ಬಾಯಮ್ಮ ಕೈಯಲ್ಲಿ ಹಿಡಿಸೂಡಿ ಹಿಡಿದೇ ಹೊರಬಂದರು.

“ಎಂತ ಅಳತೆ ಮಾಡೂದು ನೀವು?”

“ಏನಿಲ್ಲ, ಸುಮ್ಮನೆ” ಎಂದೆ. ಸುಮ್ಮನೆ ಎಂಬ ಮಾತಿಗಿಂತ ಹೆಚ್ಚು ಸಂಶಯ ಹುಟ್ಟಿಸುವ ಮಾತು ನಮ್ಮ ಭಾಷೆಯಲ್ಲಿ ಇಲ್ಲವೆಂದು ನನಗೆ ಆಗ ಗೊತ್ತಿರಲಿಲ್ಲ.

“ರಸ್ತೆ ಅಗಲ ಮಾಡ್ಲಿಕ್ಕಾ? ಹೋದ ಸಲ ಒಬ್ಬರು ಹೀಗೇ ಸುಮ್ಮನೆ ಅಳತೆ ಮಾಡಿ ಹೋದದ್ದು. ಮತ್ತೆ ನಮ್ಮ ಗೇಟೂ ಹೋಯಿತು, ಮಾವಿನ ಮರವೂ ಹೋಯಿತು.”

ನಾನು ಚಿತ್ರ ಬರೆಯುವವನು ಎಂದು ವಿವರಿಸತೊಡಗಿದೆ. ಅಷ್ಟರಲ್ಲಿ ಒಂದು ರಿಕ್ಷಾ ನಿಂತಿತು. ಅದರ ಚಾಲಕ ನನ್ನ ಪರವಾಗಿ, “ಸರ್ವೆಯವರ ಹತ್ರ ಮೂರು ಕಾಲಿನ ಮಿಷನ್ ಇರ್ತದೆ ಬಾಯಮ್ಮ, ಇವರ ಹತ್ರ ಬರೇ ಪೆನ್ಸಿಲ್ ಉಂಟು” ಎಂದ. ಸ್ಕೂಟರಿನಲ್ಲಿ ಮೀನು ತರುವವನು ಇದನ್ನು ಒಪ್ಪಲಿಲ್ಲ. ಈಗಿನ ಅಳತೆಯೆಲ್ಲ ಸ್ಯಾಟಲೈಟಿನಲ್ಲೇ ಆಗುವುದೆಂದೂ ಪೆನ್ಸಿಲನ್ನು ಜನರ ಕಣ್ಣಿಗೆ ಮಣ್ಣೆರಚಲು ಹಿಡಿದಿರುತ್ತಾರೆಂದೂ ಅವನ ವಾದ. ಬಾಯಮ್ಮ ಎರಡೂ ಕಡೆಯ ಮಾತನ್ನು ಕೇಳಿಸಿಕೊಂಡು, ಕುವೈಟಿನಲ್ಲಿರುವ ಮಗನಿಗೆ ವೀಡಿಯೋ ಕರೆ ಮಾಡಿ, ಫೋನನ್ನು ನನ್ನ ಮುಖದ ಮುಂದೆ ಹಿಡಿದರು.

“ಅಂಕಲ್, ನೀವು ಯಾವ ಆಫೀಸಿನವರು?”

“ನಾನು ರಿಟೈರ್ಡ್.”

“ಯಾವುದರಿಂದ?”

“ಬ್ಯಾಂಕಿನಿಂದ” ಎಂದೆ. ಇದರಿಂದ ಪರಿಸ್ಥಿತಿ ಇನ್ನೂ ಬಿಗಡಾಯಿಸಿತು. ಬ್ಯಾಂಕಿನವರು ಒಂದು ಮನೆಯ ಎದುರು ನಿಂತು ಅಳತೆ ತೆಗೆಯುವುದು ಎಂಥ ಸಂದರ್ಭದಲ್ಲಿ ಎಂಬುದು ಎಲ್ಲರಿಗೂ ತಿಳಿದದ್ದೇ. ಕುವೈಟಿನಲ್ಲಿದ್ದ ಮಗ ತಾಯಿಯೊಡನೆ ಕೊಂಕಣಿಯಲ್ಲಿ ಗಡಿಬಿಡಿಯಿಂದ ಏನನ್ನೋ ವಿಚಾರಿಸಿದ. ತಾಯಿ ತನಗೆ ಯಾವ ಸಾಲವೂ ಇಲ್ಲವೆಂದು ರಸ್ತೆಗೆಲ್ಲ ಕೇಳುವಂತೆ ಸಾರಿದರು. ಬೇರೆ ದಾರಿ ಕಾಣದೆ ನಾನು ಸ್ಕೆಚ್ ಪುಸ್ತಕವನ್ನು ಬಿಡಿಸಿ ಅವರ ಮುಂದೆ ಹಿಡಿದೆ. ಬಾಯಮ್ಮ, ರಿಕ್ಷಾದವನು, ಮೀನಿನವನು ಮತ್ತು ಫೋನಿನೊಳಗಿಂದ ಮಗ ಅದನ್ನು ನೋಡಿದರು. ನೋಡಿದ ಮೇಲೆ ನನ್ನ ಮೇಲಿದ್ದ ಸಂಶಯ ಯಾರಲ್ಲೂ ಉಳಿಯಲಿಲ್ಲ, ಯಾಕೆಂದರೆ ಅಂಥ ಅಳತೆಯನ್ನು ನಂಬಿ ಯಾವ ಇಲಾಖೆಯೂ ಒಂದು ಇಂಚು ರಸ್ತೆಯನ್ನು ಅಗಲ ಮಾಡಲಾರದು.

“ಮಾಡಿಗೆ ಎಷ್ಟು ಸಾಲು ಹಾಕಿದ್ದೀರಿ?” ಎಂದು ಬಾಯಮ್ಮ ಕೇಳಿದರು.

“ಹದಿನಾಲ್ಕು.”

“ಹತ್ತೊಂಬತ್ತು ಉಂಟು ಮಾರಾಯ್ರೇ. ವರ್ಷ ವರ್ಷ ಮಳೆಗೆ ಮೊದಲು ಹಂಚು ಸರಿ ಮಾಡಿಸಿ ಸಂಬಳ ಕೊಡುವವಳು ನಾನು.”

ಎಣಿಸಿದೆ, ಹತ್ತೊಂಬತ್ತೇ ಇದ್ದವು. ಪೆನ್ಸಿಲ್ ಹಿಡಿಯುವಾಗ ಮೊಣಕೈ ಮಡಚಬಾರದು, ಮಡಚಿದರೆ ಪ್ರತಿ ಸಲವೂ ಅಳತೆ ಬೇರೆಯಾಗುತ್ತದೆ ಎಂದು ಮಾಸ್ಟ್ರು ಹೇಳಿದ್ದು ನನಗೆ ಆಮೇಲೆ ನೆನಪಾಯಿತು. ಹಿಡಿಸೂಡಿಯ ಎದುರು ಯಾರ ಮೊಣಕೈ ನೆಟ್ಟಗಿದ್ದೀತು?

ಮುಂದಿನ ಭಾನುವಾರ ಮಾಸ್ಟ್ರು ಬೇರೆಯೇ ರಾಗ ತೆಗೆದರು. ಹಂಚುಗಳನ್ನೆಲ್ಲ ಎಣಿಸಿ ಬರೆಯುವುದು ಹೊಸಬರು ಮಾಡುವ ದೊಡ್ಡ ತಪ್ಪಂತೆ. ಅಲ್ಲಲ್ಲಿ ನಾಲ್ಕು ಹಂಚನ್ನು ಸೂಚಿಸಿ ಬಿಟ್ಟರೆ ಉಳಿದದ್ದನ್ನು ನೋಡುವವರ ಕಣ್ಣು ತಾನೇ ತುಂಬಿಸಿಕೊಳ್ಳುತ್ತದಂತೆ. ಇರಬಹುದು. ಆದರೆ ಈ ಚಿತ್ರವನ್ನು ನೋಡುವ ಕಣ್ಣು ಬಾಯಮ್ಮನದು, ಮತ್ತು ಆ ಕಣ್ಣು ಏನನ್ನೂ ತಾನಾಗಿ ತುಂಬಿಸಿಕೊಳ್ಳುವ ಜಾತಿಯದಲ್ಲ. ಚಿತ್ರ ಮುಗಿದ ಮೇಲೆ ಅದನ್ನು ತನಗೇ ಕೊಡಬೇಕೆಂದು ಅವರು ಹೇಳಿಯಾಗಿತ್ತು. ಹೋದ ಮಾವಿನ ಮರವನ್ನು ಅದರಲ್ಲಿ ಇದ್ದ ಜಾಗದಲ್ಲೇ ಹಾಕಬೇಕೆಂದೂ, ಈಚೆಗೆ ಹಾಕಿಸಿದ ಶೀಟಿನ ಮಾಡನ್ನು ಬಿಡಬೇಕೆಂದೂ ಕುವೈಟಿನಿಂದ ಸೂಚನೆ ಬಂದಿತ್ತು. ನಾನು ಹತ್ತೊಂಬತ್ತು ಸಾಲನ್ನೂ ಸಾಲಿಗೆ ಮೂವತ್ತೆರಡರಂತೆ 608 ಹಂಚುಗಳನ್ನೂ ಲೆಕ್ಕ ತಪ್ಪದೆ ಬರೆದೆ. ಮಾಸ್ಟ್ರು ನೋಡಿ ನಿಟ್ಟುಸಿರು ಬಿಟ್ಟರು. ಪಕ್ಕದ ಹುಡುಗಿ ಮಾತ್ರ, “ಅಜ್ಜ, ಎಲ್ಲ ನೀವೇ ಮಾಡಿದ್ದಾ?” ಎಂದು ಬಾಯಿ ಬಿಟ್ಟು ನೋಡಿದಳು.

ಆ 608 ಹಂಚಿನ ಮೇಲೆ ಬರ್ನ್ಟ್ ಸಿಯೆನಾದ ಮೊದಲ ಪದರ ಬಿದ್ದು ಇಂದಿಗೆ ನಾಲ್ಕು ದಿನ. ಬೆರಳು ಮುಟ್ಟಿದರೆ ಒಣಗಿದಂತೆಯೇ ತೋರುತ್ತದೆ, ಕುಂಚ ಮುಟ್ಟಿದರೆ ಒಳಗಿನ ತೇವ ಎದ್ದು ಬರುತ್ತದೆ. ಇನ್ನೇನು ಆಯಿತು ಎನ್ನುವಷ್ಟರಲ್ಲಿ ಜಗಲಿಗೆ ಎರಚಲು ಹೊಡೆಯುತ್ತದೆ. ಪ್ರತಿ ಸಾಲಿನ ಕೆಳಗೂ ನೆರಳಿನ ಗೆರೆ ಕೊಡುವುದು ಇನ್ನೂ ಬಾಕಿ ಇದೆ, ಮಾವಿನ ಮರವೂ ಬಾಕಿ ಇದೆ. ದಿನಾ ಹಾಲು ತರಲು ಹೋಗುವಾಗ ಬಾಯಮ್ಮ ಗೇಟಿನ ಒಳಗಿನಿಂದಲೇ “ಒಣಗಿತಾ?” ಎಂದು ಕೇಳುತ್ತಾರೆ. “ಒಣಗ್ತಾ ಉಂಟು” ಎನ್ನುತ್ತೇನೆ. ಬಚ್ಚಲಿನ ಹಂಡೆಯ ಒಲೆಯ ಮೇಲೆ ಕಟ್ಟಿದರೆ ಒಂದೇ ರಾತ್ರಿಯಲ್ಲಿ ಒಣಗುತ್ತದೆ, ತಮ್ಮಲ್ಲಿ ಬಟ್ಟೆಯನ್ನೆಲ್ಲ ಅಲ್ಲೇ ಒಣಗಿಸುವುದು ಎಂದು ನಿನ್ನೆ ಉಪದೇಶಿಸಿದರು. ಎರಡು ವರ್ಷಗಳಲ್ಲಿ ನನಗೆ ಸಿಕ್ಕ ಉಪದೇಶಗಳಲ್ಲಿ ಈ ಊರಿನ ಹವೆಗೆ ಹೊಂದುವಂಥದು ಇದೊಂದೇ. ಆದರೆ ನಮ್ಮ ಬಚ್ಚಲಿನಲ್ಲಿರುವುದು ಗೀಸರು.

ಹಾಗಾಗಿ ಇವತ್ತು ಹಾಲಿಗೆ ಸುತ್ತುಬಳಸಿನ ದಾರಿಯಲ್ಲಿ ಹೋಗಿ ಬಂದೆ. ಬಂದವನು, ಹೊಸಬರಿಗೆ ತಿಳಿಸಬೇಕೆಂದಿದ್ದ ಆ ಸಂಗತಿಯನ್ನು ಮರೆಯುವ ಮೊದಲು ಬರೆದುಬಿಡೋಣವೆಂದು ಜಗಲಿಯಲ್ಲಿ ಕುಳಿತು ನೋಡುತ್ತೇನೆ, ಹಗ್ಗದ ಮೇಲೆ ಬನಿಯನಿಗೆ ಎರಡು ಕ್ಲಿಪ್ಪುಗಳಿವೆ. ಚಿತ್ರಕ್ಕೆ ಉಳಿದಿರುವುದು ಒಂದೇ, ಅದೂ ಮೂಲೆಯಲ್ಲಿ. ಗಾಳಿ ಬೀಸಿದಾಗಲೆಲ್ಲ ಬಾಯಮ್ಮನ ಮನೆ ಹತ್ತೊಂಬತ್ತು ಸಾಲಿನ ಸಮೇತ ಒಂದು ಸುತ್ತು ತಿರುಗಿ, ಒದ್ದೆ ಬೈರಾಸಿಗೆ ಒರಗಿ ನಿಲ್ಲುತ್ತಿದೆ.