ಮಕ್ಕಳ ಓಟಕ್ಕೇ ಯಾಕೆ ಇಷ್ಟು ತಡ?

ಮಾರಾಯ್ರೇ, ನಮ್ಮ ಮಂಗಳೂರಿನ ಓಟಗಳಲ್ಲಿ 10 ಕಿ.ಮೀ., 5 ಕಿ.ಮೀ. ಎಲ್ಲ ಹೊರಟಾದ ಮೇಲೆ, ಅತಿಥಿಗಳ ಭಾಷಣವೂ ಮುಗಿದ ಮೇಲೆ ಕುಟುಂಬದವರ 3 ಕಿ.ಮೀ.ಗೆ ಬಾವುಟ ಬೀಸುವುದು ಯಾವ ನ್ಯಾಯ? ಆರೂವರೆಗೇ ಬನ್ನಿ ಎಂದು ಮೆಸೇಜ್ ಬರುತ್ತದೆ. ಮಕ್ಕಳನ್ನು ಕತ್ತಲಲ್ಲೇ ಎಬ್ಬಿಸಿ, ಹೊಟ್ಟೆ ಭಾರ ಆಗಬಾರದೆಂದು ಬರೀ ಬಾಳೆಹಣ್ಣು ತಿನ್ನಿಸಿ ಕರೆದುಕೊಂಡು ಹೋದರೆ, ಎಂಟಾದರೂ ನಿಂತಲ್ಲೇ ನಿಲ್ಲಬೇಕು. ಮಗಳು "ಪಪ್ಪಾ, ಈಗಲಾ?" ಎಂದು ಕೇಳಿ ಕೇಳಿ ಓಡುವ ಮೊದಲೇ ಸುಸ್ತಾಗುತ್ತಾಳೆ.

ಇದು ಬೆಂಗಳೂರಲ್ಲ. ಕಡಲ ಬದಿಯ ಗಾಳಿಯಲ್ಲಿ ತೇವ ತುಂಬಿರುವುದರಿಂದ ಬೆವರು ಇಳಿಯುತ್ತದೆ, ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಣಿಯುವುದೂ ಇಲ್ಲ. ಡಿಸೆಂಬರಿನಲ್ಲೂ ಎಂಟರ ನಂತರ ಪಣಂಬೂರು, ತಣ್ಣೀರುಬಾವಿ ಕಡೆ ಬಿಸಿಲು ಚುರುಕ್ ಎನ್ನುತ್ತದೆ. ಅದರ ಮೇಲೆ ಮೊಣಕಾಲಿಗೆ ಬರುವ ಪಾಲಿಯೆಸ್ಟರ್ ಟೀಶರ್ಟು! ನೋಂದಣಿಯಲ್ಲಿ ವಯಸ್ಸು ಬರೆಸಿಕೊಂಡವರಿಗೆ ಮಕ್ಕಳ ಅಳತೆಯದ್ದು ತರಿಸಲು ಏನು ಕಷ್ಟ? ಅರ್ಧ ದಾರಿಯ ನೀರಿನ ಮೇಜಿಗೆ ನಾವು ಮುಟ್ಟುವಾಗ ಖಾಲಿ ಲೋಟ ಮಾತ್ರ. ಬೇರೆಲ್ಲ ಸಹಿಸಿಕೊಂಡೇನು, ಬಾಯಾರಿದ ಮಗುವಿಗೆ ನೀರಿಲ್ಲ ಎಂದರೆ ಸಿಟ್ಟು ನೆತ್ತಿಗೇರುತ್ತದೆ.

10 ಕಿ.ಮೀ.ಯವರು ಹೊರಟ ಕೂಡಲೇ ನಮ್ಮನ್ನು ಬಿಡಿ. ಭಾಷಣವನ್ನು ಬಹುಮಾನದ ಹೊತ್ತಿಗೆ ಇಟ್ಟುಕೊಳ್ಳಿ.