ಬಂಡೂರಿಗೆ ಬಸ್ಸಿದೆಯಲ್ಲ ರೀ!

ಹೋದ ತಿಂಗಳು ಪೋಸ್ಟಿನಲ್ಲಿ ಪಾಸ್‌ಪೋರ್ಟ್ ಬಂತು. ಅರ್ಜಿ ಹಾಕಿದ್ದು ಮೈಸೂರಿನಲ್ಲಿ, ಅಂಚೆ ಕಚೇರಿಯೊಳಗಿನ ಕೇಂದ್ರದಲ್ಲಿ. 2017ರಲ್ಲಿ ಇಂಥ ಕೇಂದ್ರ ದೇಶದಲ್ಲೇ ಮೊದಲು ಶುರುವಾದ ಎರಡು ಊರುಗಳಲ್ಲಿ ಮೈಸೂರೂ ಒಂದು. ಮಂಡ್ಯದಿಂದ ಒಂದು ಗಂಟೆ ದಾರಿ. ಆದರೂ ನಾನು ಹೋಗಿದ್ದು ಐವತ್ತು ದಾಟಿದ ಮೇಲೆ.

ಲಕೋಟೆ ಒಡೆದಾಗ ಹೆಂಡತಿ ಕೇಳಿದಳು, "ಎಲ್ಲಿಗೆ?"

"ಅರ್ಜೆಂಟೀನಾ."

"ಅಲ್ಲೇನಿದೆ?"

"ಕುರಿ."

ಅವಳು ನಗಲೂ ಇಲ್ಲ. "ಬಂಡೂರಿಗೆ ಬಸ್ಸಿದೆಯಲ್ಲ ರೀ" ಅಂದಳು.

ನ್ಯಾಯವಾದ ಮಾತೇ. ಬಂಡೂರು ಇರುವುದು ನಮ್ಮದೇ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನಲ್ಲಿ. ಬನ್ನೂರು ಕುರಿ, ಮಂಡ್ಯ ಕುರಿ ಅಂತ ಏನೇ ಕರೆದರೂ ಮೂಲ ಅದೇ. ಗಿಡ್ಡ ಕಾಲು, ಪೀಪಾಯಿಯಂಥ ಮೈ. ಹಿಂದಿನಿಂದ ನೋಡಿದರೆ ತೊಡೆ ಎರಡೂ ತುಂಬಿಕೊಂಡು, ಇಂಗ್ಲಿಷಿನ 'ಯು' ಅಕ್ಷರ ತಲೆಕೆಳಗಾಗಿ ನಿಂತ ಹಾಗಿರುತ್ತದೆ. ತಿಳಿದವರು ಸಂತೆಯಲ್ಲಿ ಕುರಿಯ ಮುಖ ನೋಡುವುದಿಲ್ಲ, ಹಿಂದೆ ಹೋಗಿ ನಿಲ್ಲುತ್ತಾರೆ. ಕೊಬ್ಬು ಬೇರೆ ಗಡ್ಡೆ ಕಟ್ಟದೆ ಮಾಂಸದ ಎಳೆಎಳೆಯಲ್ಲೂ ಸೇರಿಕೊಂಡಿರುವುದೇ ಅದರ ರುಚಿಯ ಗುಟ್ಟು.

ಇಂಥ ಊರಿನವನು ಅಷ್ಟು ದೂರ ಯಾಕೆ ಹೋಗಬೇಕು?

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವೇ ಕೇಳುತ್ತೀರಿ. ಅರ್ಜೆಂಟೀನಾ ಹೆಸರು ಮಾಡಿರುವುದು ದನದ ಮಾಂಸಕ್ಕೆ. ನಾನು ಅದನ್ನು ತಿನ್ನುವುದಿಲ್ಲ. ತಿನ್ನುವವರ ತಟ್ಟೆಗೆ ಇಣುಕುವ ಚಾಳಿಯೂ ಇಲ್ಲ. ನನ್ನ ಕಣ್ಣಿರುವುದು ಆ ದೇಶದ ದಕ್ಷಿಣಕ್ಕೆ, ಪ್ಯಾಟಗೋನಿಯಾ ಕಡೆಗೆ. ಬರೀ ಗಾಳಿ, ಒಣ ಹುಲ್ಲು, ಕುರಿ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಉಣ್ಣೆಗೋಸ್ಕರ ಅಲ್ಲಿ ಕುರಿಗಳನ್ನು ತುಂಬಿದರು. ಅತಿಯಾಗಿ ಮೇಯಿಸಿ ಎಷ್ಟೋ ನೆಲ ಬರಡೂ ಆಯಿತು. ಆದರೆ ಅಲ್ಲಿನವರು ಆ ಕುರಿಮರಿಯನ್ನು ಬೇಯಿಸುವ ರೀತಿ ಇದೆಯಲ್ಲ, ಅದನ್ನು ವಿಡಿಯೋದಲ್ಲಿ ನೋಡಿದ ದಿನದಿಂದ ನನಗೆ ನೆಮ್ಮದಿ ಇಲ್ಲ.

ಇಡೀ ಮರಿಯನ್ನು ಎದೆ ಸೀಳಿ, ಪುಸ್ತಕ ತೆರೆದ ಹಾಗೆ ಅಗಲಿಸಿ, ಕಬ್ಬಿಣದ ಶಿಲುಬೆಗೆ ಕಟ್ಟುತ್ತಾರೆ. ಅದನ್ನು ನೆಲಕ್ಕೆ ನೆಟ್ಟು ಬೆಂಕಿಯ ಕಡೆಗೆ ಸ್ವಲ್ಪ ವಾಲಿಸುತ್ತಾರೆ. ಮೊದಲು ಮೂಳೆಯ ಭಾಗ ಬೆಂಕಿಗೆ. ಉರಿ ತಾಗಬಾರದು, ಬಿಸಿ ಮಾತ್ರ ತಾಗಬೇಕು. ನಾಲ್ಕೈದು ಗಂಟೆ. ನಡುನಡುವೆ ಉಪ್ಪುನೀರು ಚಿಮುಕಿಸುತ್ತಾರೆ, ಹೆಚ್ಚೆಂದರೆ ಅದರಲ್ಲಿ ಒಂದಿಷ್ಟು ಬೆಳ್ಳುಳ್ಳಿ, ಸೊಪ್ಪು. ಅಷ್ಟೇ. ಮಸಾಲೆ ರುಬ್ಬುವ ಮಾತೇ ಇಲ್ಲ.

ಇದನ್ನು ನೋಡುವಾಗ ನನಗೆ ನೆನಪಾಗಿದ್ದು ದೊಡ್ಡಪ್ಪ.

ಯುಗಾದಿ ಮಾರನೇ ದಿನ, ವರ್ಷತೊಡಕಿಗೆ, ನಮ್ಮ ಬೀದಿಯವರೆಲ್ಲ ದುಡ್ಡು ಹಾಕಿ ಕುರಿ ತರುತ್ತಿದ್ದರು. ಬಾಳೆ ಎಲೆ ಮೇಲೆ ಗುಡ್ಡೆ ಹಾಕಿ ಪಾಲು. ದೊಡ್ಡಪ್ಪ ತಲೆಕಾಲು ಸುಡುವ ಬೆಂಕಿಯ ಪಕ್ಕ ಕೂತಿರುತ್ತಿದ್ದರು. ಹುಡುಗರು ನಾವು ಸುತ್ತ ನಿಂತರೆ, ಲಿವರಿನ ಒಂದು ತುಂಡನ್ನು ಕಡ್ಡಿಗೆ ಚುಚ್ಚಿ ಕೆಂಡದ ಮೇಲೆ ಹಿಡಿದು, ಒಂದು ಹರಳು ಕಲ್ಲುಪ್ಪು ಪುಡಿಮಾಡಿ ಉದುರಿಸಿ ಕೊಡುತ್ತಿದ್ದರು. ಬೂದಿಯೂ ಅಂಟಿರುತ್ತಿತ್ತು. ಮಧ್ಯಾಹ್ನ ಅಮ್ಮ ಧನಿಯಾ, ಚಕ್ಕೆ, ಲವಂಗ, ಗಸಗಸೆ, ಕಾಯಿ ಎಲ್ಲ ರುಬ್ಬಿ ಮಾಡುತ್ತಿದ್ದ ಸಾರು, ಮುದ್ದೆ ಜೊತೆ, ದೇವರಾಣೆಗೂ ಚೆನ್ನಾಗಿರುತ್ತಿತ್ತು. ಆದರೆ ಕುರಿಯ ರುಚಿ ಏನು ಅಂತ ನನಗೆ ಗೊತ್ತಾಗಿದ್ದು ಆ ಬೂದಿ ಹತ್ತಿದ ತುಂಡಿನಿಂದ.

ನನ್ನ ತಕರಾರು ಇಷ್ಟೇ. ಬಂಡೂರು ಕುರಿಯಂಥ ಕುರಿ ಇಟ್ಟುಕೊಂಡು ನಾವು ಅದನ್ನು ಮಸಾಲೆಯಲ್ಲಿ ಮುಳುಗಿಸುತ್ತೇವೆ. ಹೆದ್ದಾರಿ ಉದ್ದಕ್ಕೂ ಹೋಟೆಲಿನ ಬೋರ್ಡುಗಳಲ್ಲಿ ಆ ಕುರಿಯದೇ ಹೆಸರು. ಒಳಗೆ ಕೂತರೆ ತಟ್ಟೆಯಲ್ಲಿ ಕೆಂಪು ಗ್ರೇವಿ. ಅದರೊಳಗೆ ಯಾವ ಊರಿನ ಕುರಿ ಇದೆಯೋ ಯಾರಿಗೆ ಗೊತ್ತಾಗಬೇಕು? ಇಷ್ಟು ಕಾಸಿಗೆ ಕೊಡಲು ಅಷ್ಟೊಂದು ಬಂಡೂರು ಕುರಿ ಎಲ್ಲಿವೆ ಅಂತ ಯಾರೂ ಕೇಳುವುದಿಲ್ಲ. ಅದು ಸಣ್ಣ ಮೈಯ ಕುರಿ, ನಿಧಾನಕ್ಕೆ ಬೆಳೆಯುತ್ತದೆ, ತೂಕ ಕಮ್ಮಿ ಬರುತ್ತದೆ. ಅದಕ್ಕೇ ಸಾಕುವವರು ಬೇರೆ ತಳಿಯ ಟಗರು ಬಿಟ್ಟು ಮರಿ ಮಾಡಿಸುತ್ತಾರೆ. ಅವರನ್ನೂ ಬೈಯುವ ಹಾಗಿಲ್ಲ. ಬರೀ ಉಪ್ಪು ಹಾಕಿ ಬೇಯಿಸುವ ಕಡೆ ಇಂಥ ಮೋಸ ಒಂದೇ ತುತ್ತಿಗೆ ಸಿಕ್ಕಿಬೀಳುತ್ತದೆ, ಅಲ್ವಾ?

ಅರ್ಜೆಂಟೀನಾದ ಆ ಜನ ನಮಗೆ ತೀರಾ ಹೊರಗಿನವರೂ ಅಲ್ಲ. ನಮ್ಮ ಬೋಟಿಯನ್ನೇ ಅವರು ಚಿಂಚುಲೀನ್ ಅಂತ ಗರಿಗರಿಯಾಗಿ ಸುಡುತ್ತಾರೆ. ರಕ್ತವನ್ನೂ ಬಿಡುವುದಿಲ್ಲ, ಕರುಳಿಗೆ ತುಂಬಿ ಮೊರ್ಸಿಯಾ ಮಾಡುತ್ತಾರೆ. ಚಿಮಿಚುರಿ ಅಂತ ಒಂದು ಚಟ್ನಿ ಇದೆ. ಪಾರ್ಸ್ಲಿ ಸೊಪ್ಪು, ಬೆಳ್ಳುಳ್ಳಿ, ಒರೆಗಾನೊ, ಎಣ್ಣೆ, ವಿನೆಗರ್. ಅದನ್ನು ಪಕ್ಕಕ್ಕೆ ಇಡುತ್ತಾರೆ, ಬೇಕಾದವರು ಹಚ್ಚಿಕೊಳ್ಳಲಿ ಅಂತ. ಊಟಕ್ಕೆ ಕೂತವರೆಲ್ಲ ಬೆಂಕಿ ಮುಂದೆ ಬೆಂದವನಿಗೆ ಚಪ್ಪಾಳೆ ತಟ್ಟುವ ಪದ್ಧತಿಯೂ ಇದೆ. (ಸಲಾಡ್ ಹೆಚ್ಚಿದ ಹೆಂಗಸರಿಗೆ ಚಪ್ಪಾಳೆ ಕಮ್ಮಿಯಂತೆ. ಇದರಲ್ಲೂ ನಾವು ನೆಂಟರೇ.)

ಕಾಶಿಗೆ ಹೋಗುತ್ತೇನೆ ಅನ್ನಿ, ಸ್ವಿಟ್ಜರ್ಲೆಂಡಿನ ಹಿಮ ನೋಡುತ್ತೇನೆ ಅನ್ನಿ, ಎಲ್ಲರೂ ಭೇಷ್ ಅನ್ನುತ್ತಾರೆ. ಬಾಡು ತಿನ್ನಲು ಹೋಗುತ್ತೇನೆ ಅಂದರೆ ಮುಖ ಬೇರೆ ಥರ ಆಗುತ್ತದೆ. ಮಂಡ್ಯದಲ್ಲೇ ಹೀಗೆ! ನೆಂಟರಿಗೆ ಬಾಡು ಬೇಯಿಸದಿದ್ದರೆ ಮರ್ಯಾದೆ ಹೋಯಿತು ಅನ್ನುವ ಊರಿದು. 2024ರ ಡಿಸೆಂಬರಿನಲ್ಲಿ ಸಾಹಿತ್ಯ ಸಮ್ಮೇಳನ ಇಲ್ಲೇ ನಡೆದಾಗ ಮಾತ್ರ ಬಾಡೂಟ ಹಾಕಿಸಿ ಅಂತ ಜನ ಬೀದಿಗಿಳಿಯಬೇಕಾಯಿತು. ಕೋಸಂಬರಿ ಮೇಲೆ ನನಗೇನೂ ಸಿಟ್ಟಿಲ್ಲ. ಮನೆಯಲ್ಲಿ ಹೆಮ್ಮೆಯಿಂದ ತಿಂದಿದ್ದನ್ನು ಪೆಂಡಾಲಿನಲ್ಲಿ ಯಾಕೆ ಬಚ್ಚಿಡಬೇಕು ಅನ್ನುವುದು ಮಾತ್ರ ಅರ್ಥವಾಗಿಲ್ಲ.

ದುಡ್ಡಿನ ಲೆಕ್ಕ ಇನ್ನೂ ಕೂಡಿಬಂದಿಲ್ಲ. ಬೆಂಗಳೂರಿನಿಂದ ನೇರ ವಿಮಾನ ಇಲ್ಲ. ರಾಜಧಾನಿ ಬ್ಯೂನಸ್ ಐರಿಸ್ ಮುಟ್ಟಿದ ಮೇಲೂ ಪ್ಯಾಟಗೋನಿಯಾದ ಎಲ್ ಕಲಫಾತೆ ಊರಿಗೆ ಇನ್ನೊಂದು ವಿಮಾನ, ಮೂರು ಗಂಟೆ. ಬಹುಶಃ ಮುಂದಿನ ವರ್ಷ ಡಿಸೆಂಬರಿನಲ್ಲಿ, ಅಲ್ಲಿ ಆಗ ಬೇಸಿಗೆ.

ಭಾನುವಾರ ಮಟನ್ ಅಂಗಡಿಯಲ್ಲಿ ಸುಮ್ನೆ ಬಾಯಿಬಿಟ್ಟೆ. ಅಂಗಡಿಯವನು ಕತ್ತಿ ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡ. ಎಷ್ಟು ಖರ್ಚು, ಯಾಕೆ ಅಂತ ಕೇಳದವನು ಅವನೊಬ್ಬನೇ.

"ಫೋಟೋ ಕಳ್ಸಣ್ಣ" ಅಂದ. "ಮುಂದ್ಲಿಂದ ಬ್ಯಾಡ. ಹಿಂದ್ಲಿಂದ ತೆಗೀರಿ."