ಗೆಡ್ಡೆಯನ್ನು ಆಳಕ್ಕೆ ಇಳಿಸಿ

ಬಿಸಿಲೇ ಇಲ್ಲದ ಇಂಗ್ಲೆಂಡಿನಲ್ಲಿ ಅದೇನು ಗ್ಲಾಡಿಯೋಲಸ್ ಹೂ ಬೆಳೀತೀರಿ ಅಂತ ಬೆಂಗಳೂರಿನ ಕೈತೋಟದವರು ನಗುತ್ತಾರೆ. ನಗಲಿ. ಅವರ ಕುಂಡಗಳಲ್ಲಿ ಅರ್ಧ ಅರಳುವಷ್ಟರಲ್ಲೇ ಹೂದಂಟು ಮಗ್ಗುಲಾಗಿರುತ್ತದೆ. ಇಲ್ಲಿ ದಕ್ಷಿಣಕ್ಕೆ ಮುಖಮಾಡಿದ ಅಂಚಿನ ಪಾತಿಯಲ್ಲಿ ಸೊಂಟ ಮೀರಿ ನೆಟ್ಟಗೆ ನಿಲ್ಲುತ್ತದೆ.

ಕಾರಣ ಗೆಡ್ಡೆ ನೆಡುವ ಆಳ. ನಮ್ಮೂರಲ್ಲಿ ಎರಡು ಬೆರಳು ಮಣ್ಣು ಮುಚ್ಚಿ ನೀರು ಹೊಯ್ದರೆ ಮುಗಿಯಿತು. ಇಲ್ಲಿನವರು 12ರಿಂದ 15 ಸೆಂ.ಮೀ. ಇಳಿಸುತ್ತಾರೆ, ಜಿಗುಟು ಮಣ್ಣಾದರೆ 10 ಸಾಕು, ಬುಡ ಕೊಳೆಯದಂತೆ ಅಡಿಗೆ ಒಂದು ಹಿಡಿ ದಪ್ಪ ಮರಳು. ಹೊಸ ಗೆಡ್ಡೆ ಹಳೆಯದರ ತಲೆಯ ಮೇಲೇ ಕೂರುವುದರಿಂದ, ಮೇಲ್ಮೇಲೆ ನೆಟ್ಟದ್ದಕ್ಕೆ ಗಾಳಿಯಲ್ಲಿ ಹಿಡಿತವೇ ಇರುವುದಿಲ್ಲ. ಸುತ್ತಳತೆ 12–14 ಸೆಂ.ಮೀ. ಇರುವ ಗೆಡ್ಡೆಯನ್ನೇ ಆರಿಸಬೇಕು. ಅಗಲವಾಗಿ ಚಪ್ಪಟೆಯಾದದ್ದು ಮುದಿ, ದಪ್ಪಗೆ ಉಬ್ಬಿದ್ದು ಒಳ್ಳೆಯದು. ಏಪ್ರಿಲ್ ನಡುವಿನಿಂದ ಎರಡು ವಾರಕ್ಕೊಮ್ಮೆ ಏಳೆಂಟರ ಗುಂಪು ನೆಟ್ಟರೆ, ಮೂರು ತಿಂಗಳು ದಾಟುತ್ತಲೇ ಸಾಲಾಗಿ ಹೂ. ಆರನೆಯ ಎಲೆಯ ಹೊತ್ತಿಗೆ ನೀರು ತಪ್ಪಿತೋ, ದಂಟು ಗಿಡ್ಡ. ಕೊಯ್ಯುವಾಗ ನಾಲ್ಕು ಎಲೆಯನ್ನಾದರೂ ಬಿಡಬೇಕು, ಇಲ್ಲದಿದ್ದರೆ ಮುಂದಿನ ವರ್ಷದ ಗೆಡ್ಡೆ ತುಂಬುವುದಿಲ್ಲ. ಎಲೆಯ ಮೇಲೆ ಬೆಳ್ಳಿಗೀರು ಕಂಡರೆ ಅದು ಥ್ರಿಪ್ಸ್ ಎಂಬ ರಸ ಹೀರುವ ಪುಟ್ಟ ಕೀಟ. ಕಿತ್ತಿಟ್ಟ ಗೆಡ್ಡೆಯ ಸಿಪ್ಪೆಯಲ್ಲೂ ಅಡಗಿ ಉಳಿಯುತ್ತದೆ.

ಹಿಮ ಬೀಳುವ ಮುಂಚೆ ಕಿತ್ತು, ಒಣಗಿಸಿ, ಅಡಿಯ ಹಳೆ ಗೆಡ್ಡೆ ಮುರಿದು, ತಣ್ಣಗಿನ ಒಣ ಜಾಗದಲ್ಲಿಡುವುದು ಇಲ್ಲಿ ಬಹುಪಾಲು ಕಡೆ ಅನಿವಾರ್ಯ. ಆ ಅನಿವಾರ್ಯವೇ ಗೆಡ್ಡೆಗೆ ಬೇಕಾದ ನಿದ್ದೆ ಕೊಡುತ್ತದೆ. ನಮ್ಮಲ್ಲಿ ಕಿತ್ತ ವಾರವೇ ಮರಳಿ ನೆಟ್ಟು, ಚಿಗುರದಿದ್ದರೆ ‘ಸತ್ತೋಯ್ತು’ ಅಂತ ತಿಪ್ಪೆಗೆ ಎಸೆಯುತ್ತಾರೆ. 4–5 ಡಿಗ್ರಿಯಲ್ಲಿ ಮೂರು ತಿಂಗಳು ಇಟ್ಟಿದ್ದರೆ ಏಳುತ್ತಿತ್ತು! ಬೆಂಗಳೂರಿನ ಹತ್ತಿರದ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಆರತಿ, ಸಪ್ನಾ, ಶೋಭಾದಂಥ ತಳಿಗಳನ್ನೇ ಕೊಟ್ಟಿದೆ. ಲಾಲ್‌ಬಾಗಿನ ಪ್ರದರ್ಶನದಲ್ಲಿ ಹೂವಿನ ಮುಂದೆ ಫೋಟೋ ತೆಗೆಸಿಕೊಳ್ಳುವವರಲ್ಲಿ ಎಷ್ಟು ಆಳಕ್ಕೆ ನೆಟ್ಟಿರಿ ಅಂತ ಕೇಳುವವರು ಎಷ್ಟು ಮಂದಿ?

ಸುಗಂಧರಾಜದ ವಿಷಯಕ್ಕೆ ಬಂದರೆ ಮಾತ್ರ ಬಾಯಿ ಮುಚ್ಚಬೇಕಾಗುತ್ತದೆ. ಊರಲ್ಲಿ ಒಮ್ಮೆ ನೆಟ್ಟರೆ ಎರಡು–ಮೂರು ವರ್ಷ ಹೊಲದಲ್ಲೇ ಇದ್ದು ಹೂ ಕೊಡುತ್ತದೆ. ಇಲ್ಲಿ ವಸಂತಕ್ಕೂ ಮೊದಲೇ ಕುಂಡದಲ್ಲಿ, ಒಳಗಿನ ಬೆಚ್ಚನೆಯಲ್ಲಿ ಚಿಗುರಿಸಿ, ಜೂನಿನಲ್ಲಿ ಹೊರಗಿಟ್ಟರೂ ಸೆಪ್ಟೆಂಬರಿನ ಚಳಿಗೆ ಮೊಗ್ಗು ಬಿರಿಯದೆ ಕಂದುತ್ತದೆ. ಮತ್ತೆ ಒಳಗೆ ಎತ್ತಿಟ್ಟರೆ ಕೆಳಗಿನ ನಾಲ್ಕಾರು ಹೂ ಸಿಕ್ಕಾವು.